ಹಳೇ ವಿಡಿಯೋ ಗೇಮ್‌ಗಳ ಪ್ರದರ್ಶನ ಊರೂರಿಗೆ: ಯಾವುದನ್ನು ಆಡಲು ಕೊಡಬೇಕು, ಯಾವುದನ್ನು ಗಾಜಿನೊಳಗೆ ಇಡಬೇಕು?

ಓದುಗರ ಪ್ರಶ್ನೆ: ನಾವು ಶಿವಮೊಗ್ಗದ ನಾಲ್ವರು ಗೆಳೆಯರು. ಹಳೇ ವಿಡಿಯೋ ಗೇಮ್‌ಗಳನ್ನು ಕೂಡಿಹಾಕುವ ಹುಚ್ಚು ನಮಗೆ. ಒಂದು ಅಟಾರಿ 2600, ಎರಡು ಸಮುರಾಯ್ ಟಿವಿ ಗೇಮ್ ಸೆಟ್, ಒಂದು ಸೆಗಾ ಮೆಗಾ ಡ್ರೈವ್, ಗೇಮ್ ಬಾಯ್, ಪ್ಲೇಸ್ಟೇಷನ್‌ಗಳು, ಚೀಲಗಟ್ಟಲೆ ಕ್ಯಾಸೆಟ್‌ಗಳು, ಜೊತೆಗೆ ಒಂದು ಹಳೇ ಪಾರ್ಲರ್ ಮೆಷಿನ್ ಇವೆ. ಬರುವ ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ವ್ಯಾನಿಗೆ ಹಾಕಿಕೊಂಡು ದಾವಣಗೆರೆ, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿಗೆ ಹೋಗಬೇಕು, ಜನ ಬಂದು ಆಡಬೇಕು ಅಂತ ಆಸೆ. ಪ್ರವೇಶ ಉಚಿತ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಳೇ ಟಿವಿ ಸಿಡಿಯುತ್ತದೆ ಅಂತ ಮಾವ ಹೆದರಿಸುತ್ತಾರೆ. ಎಲ್ಲಾ ಗೇಮ್‌ಗಳನ್ನೂ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರಿಗೆ ಹಾಕಿ ಎಲ್‌ಇಡಿ ಟಿವಿಯಲ್ಲಿ ತೋರಿಸಿ, ಸುಮ್ನೆ ಭಾರ ಯಾಕೆ ಹೊರುತ್ತೀರಿ ಅಂತ ಒಬ್ಬ ಗೆಳೆಯ. ಅದು ಕಾನೂನಿಗೆ ವಿರುದ್ಧ ಅಂತ ಇನ್ನೊಬ್ಬ. ಮಕ್ಕಳು ಹಾಳಾಗುತ್ತಾರೆ ಅಂತ ಒಂದು ಶಾಲೆಯ ಹೆಡ್‌ಮಾಸ್ಟರ್ ಬಾಗಿಲಲ್ಲೇ ಬೇಡ ಅಂದುಬಿಟ್ಟರು. ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆಗಳಿವೆ. ಆದರೆ ಅವುಗಳ ಬುಡದಲ್ಲಿರುವ ಭಯ ಒಂದೇ. ಇಷ್ಟು ಪ್ರೀತಿಯಿಂದ ಕೂಡಿಟ್ಟ ಸಾಮಾನು ಮೂರನೇ ಊರು ತಲುಪುವ ಹೊತ್ತಿಗೆ ಕೆಟ್ಟು ಕೂತರೆ ಏನು ಗತಿ, ಅಲ್ವಾ? ಆ ಭಯ ಸರಿಯಾದದ್ದೇ. ಊರಿಂದ ಊರಿಗೆ ಹೋಗುವ ವಿಜ್ಞಾನ ಪ್ರದರ್ಶನಗಳನ್ನು ಕಟ್ಟುವುದು, ಬಿಚ್ಚುವುದು, ರಿಪೇರಿ ಮಾಡುವುದು ನನ್ನ ಕೆಲಸ. ಜನ ಮುಟ್ಟುವ ವಸ್ತು ಒಂದಲ್ಲ ಒಂದು ದಿನ ಮುರಿದೇ ಮುರಿಯುತ್ತದೆ. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ನೂರಾರು ಕೈ ಒತ್ತಿದರೆ ಯಾವ ಬಟನ್ ತಾನೇ ಉಳಿದೀತು? ಅದಕ್ಕೇ ನಾನು ಹೇಳುವುದು ಇಷ್ಟು: ಆಡಲು ಕೊಡುವ ವಸ್ತು ಮತ್ತೆ ಸಿಗುವಂಥದ್ದಾಗಿರಲಿ. ಮತ್ತೆ ಸಿಗದ ವಸ್ತು ಗಾಜಿನೊಳಗೆ ಇರಲಿ. ಟಿವಿ ಯಾವುದು, ಕಾನೂನು ಏನು, ವ್ಯಾನ್ ಎಷ್ಟು ದೊಡ್ಡದು ಅನ್ನುವುದೆಲ್ಲ ಈ ತೀರ್ಮಾನ ಆದ ಮೇಲಿನ ಮಾತು.

"ಆಡಲು ಕೊಡದಿದ್ದರೆ ಜನ ಯಾಕೆ ಬರುತ್ತಾರೆ?" ಎಂದು ನೀವು ಕೇಳಬಹುದು. 2012ರಲ್ಲಿ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ವಿಡಿಯೋ ಗೇಮ್‌ಗಳ ಪ್ರದರ್ಶನವೊಂದನ್ನು ಮಾಡಿತು. ಆಮೇಲೆ ಅದು ಅಮೆರಿಕದ ಬೇರೆ ಬೇರೆ ಊರುಗಳನ್ನೂ ಸುತ್ತಿತು. ಅಲ್ಲಿದ್ದದ್ದು ಜನರೇ ಓಟು ಹಾಕಿ ಆರಿಸಿದ 80 ಆಟಗಳು. ಆಡಲು ಇಟ್ಟಿದ್ದು ಪ್ಯಾಕ್‌ಮ್ಯಾನ್, ಸೂಪರ್ ಮಾರಿಯೋ ಬ್ರದರ್ಸ್ ಸೇರಿ 5 ಮಾತ್ರ. ಉಳಿದವನ್ನು ವಿಡಿಯೋ ತುಣುಕು, ಚಿತ್ರಗಳಲ್ಲಿ ತೋರಿಸಿದರು. ಇದಕ್ಕೆ ಎದುರು ದಾರಿಯೂ ಇದೆ. ಲಂಡನ್‌ನ ಬಾರ್ಬಿಕನ್ 2002ರಲ್ಲಿ ಶುರು ಮಾಡಿದ 'ಗೇಮ್ ಆನ್' ಆಡುವುದಕ್ಕೇ ಒತ್ತು ಕೊಟ್ಟು ದೇಶ ದೇಶ ಸುತ್ತಿತು. ಆದರೆ ಆ ದಾರಿ ಹಿಡಿದರೆ ದಿನವಿಡೀ ರಿಪೇರಿಗೆ ಅಂತಲೇ ಜನ ಬೇಕು. ನೀವು ನಾಲ್ವರು. ಅದರಲ್ಲಿ ಒಬ್ಬರು ಬಾಗಿಲಲ್ಲಿ ನಿಲ್ಲಬೇಕು, ಒಬ್ಬರು ಊಟಕ್ಕೆ ಹೋಗಿರುತ್ತಾರೆ. ಹತ್ತು ಆಟದ ಜಾಗ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಈಗ ಟಿವಿ ವಿಷಯ. ನಿಮ್ಮ ಮಾವ ಹೇಳುವುದರಲ್ಲಿ ಅರ್ಧ ನಿಜ ಇದೆ. ಹಳೇ ಪಿಕ್ಚರ್ ಟ್ಯೂಬ್ ಒಳಗೆ ಗಾಳಿ ಇರುವುದಿಲ್ಲ. ಗಾಜು ಒಡೆದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಚೂರುಗಳು ಹಾರಬಹುದು. ಅದಕ್ಕೇ ಟ್ಯೂಬಿನ ಮುಂಭಾಗಕ್ಕೆ ಸುತ್ತಲೂ ಲೋಹದ ಪಟ್ಟಿ ಬಿಗಿದಿರುತ್ತಾರೆ, ಗಾಜು ದಪ್ಪ ಇರುತ್ತದೆ. ಸುಮ್ಮನೆ ಕೂತ ಟಿವಿ ತಾನಾಗಿ ಸಿಡಿಯುವುದಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಕಲರ್ ಟಿವಿಯ ಟ್ಯೂಬಿಗೆ 20,000 ವೋಲ್ಟ್ ಆಸುಪಾಸಿನ ವಿದ್ಯುತ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರಬಹುದು. ಹಿಂದಿನ ಮುಚ್ಚಳವನ್ನು ನೀವಾಗಿ ತೆಗೆಯಬೇಡಿ. ಹಳೇ ಟಿವಿ ರಿಪೇರಿ ಮಾಡಿ ಕೈ ಪಳಗಿದ ಮೆಕ್ಯಾನಿಕ್ ನಿಮ್ಮ ಊರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹೊರಡುವ ಮೊದಲು ಅವರನ್ನು ಕರೆಸಿ, ಒಳಗಿನ ಧೂಳು ತೆಗೆಸಿ, ಉಬ್ಬಿದ ಕೆಪಾಸಿಟರ್‌ಗಳನ್ನು ಅವರಿಂದಲೇ ಬದಲಿ ಹಾಕಿಸಿ. ಬಿಡಿಭಾಗ ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ. ಧೂಳು ಮತ್ತು ಹಳೇ ಕೆಪಾಸಿಟರ್ ಎರಡೂ ಸೇರಿದರೆ ಬೆಂಕಿಗೆ ದಾರಿ. ನನಗೆ ಸ್ಫೋಟಕ್ಕಿಂತ ಅದರ ಚಿಂತೆ ಜಾಸ್ತಿ.

ಹಾಗಾದರೆ ಗೆಳೆಯ ಹೇಳಿದ ಹಾಗೆ ಎಲ್‌ಇಡಿ ಟಿವಿಯೇ ಸಾಕಲ್ಲವೇ? ಬಹುಪಾಲು ಆಟಗಳಿಗೆ ಸಾಕು. ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ 'ಗೇಮ್ ಮೋಡ್' ಹಾಕಿದರೆ ಆ ತಡ ಕಡಿಮೆ ಆಗುತ್ತದೆ. ಆದರೆ ಒಂದು ಆಟ ಮಾತ್ರ ಅಲ್ಲಿ ನಡೆಯುವುದೇ ಇಲ್ಲ. ಸಮುರಾಯ್ ಜೊತೆ ಬರುತ್ತಿದ್ದ ಪಿಸ್ತೂಲು, ಬಾತುಕೋಳಿ ಹೊಡೆಯುವ ಆ ಆಟ ನೆನಪಿದೆಯಾ? 1984ರ ಡಕ್ ಹಂಟ್. ಪಿಸ್ತೂಲಿನಿಂದ ಟಿವಿಗೆ ಏನೂ ಹೋಗುವುದಿಲ್ಲ. ಅದರ ಮೂತಿಯೊಳಗೆ ಬೆಳಕನ್ನು ನೋಡುವ ಒಂದು ಸಣ್ಣ ಕಣ್ಣು ಇದೆ. ನೀವು ಕುದುರೆ ಎಳೆದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಕಪ್ಪಾದ ಕೂಡಲೇ ಬಿಳಿ ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಹಳೇ ಟ್ಯೂಬಿನಲ್ಲಿ ಚಿತ್ರ ಆ ಗಳಿಗೆಯಲ್ಲೇ ಮೂಡುತ್ತದೆ. ಎಲ್‌ಇಡಿ ಟಿವಿ ಚಿತ್ರವನ್ನು ಒಳಗೆ ಇಟ್ಟುಕೊಂಡು, ಸರಿಮಾಡಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಪಿಸ್ತೂಲು ನೋಡಿ ಮುಗಿಸಿರುತ್ತದೆ. ಒಂದು ಬಾತೂ ಬೀಳುವುದಿಲ್ಲ.

ಇದನ್ನೇ ಪ್ರದರ್ಶನದ ಒಂದು ಭಾಗ ಮಾಡಿ. ಪಕ್ಕಪಕ್ಕದಲ್ಲಿ ಒಂದು ಹಳೇ ಟಿವಿ, ಒಂದು ಹೊಸ ಟಿವಿ ಇಟ್ಟು ಅದೇ ಪಿಸ್ತೂಲಿನಿಂದ ಹೊಡೆಯಲು ಬಿಡಿ. ಅದೇ ಆಟವನ್ನು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ಪಕ್ಕದಲ್ಲಿ ಓಡಿಸಿ. ಆ ಬಿಳಿ ಚೌಕ ಕಂಡಾಗ ಮಕ್ಕಳಿಗೂ ಅರ್ಥವಾಗುತ್ತದೆ, ಅಪ್ಪಂದಿರಿಗೂ ಅರ್ಥವಾಗುತ್ತದೆ. ಹಳೇ ಟಿವಿಯನ್ನು ಹೊತ್ತು ತಂದದ್ದು ಯಾಕೆ ಎಂದು ಬೇರೆ ಬೋರ್ಡ್ ಬರೆಯಬೇಕಿಲ್ಲ. ಹಾಗಾಗಿ ಹತ್ತು ಜಾಗದಲ್ಲಿ ಎರಡು ಅಥವಾ ಮೂರಕ್ಕೆ ಮಾತ್ರ ಹಳೇ ಟಿವಿ ಇರಲಿ. 14 ಅಥವಾ 21 ಇಂಚಿನವು ಸಾಕು. 29 ಇಂಚಿನದನ್ನು ಎತ್ತುವುದು ಇಬ್ಬರಿಗೂ ಕಷ್ಟ. ಸಾಗಿಸುವಾಗ ನೆನಪಿಡಿ, ಭಾರ ಪೂರ್ತಿ ಗಾಜಿನ ಕಡೆ ಇರುತ್ತದೆ. ವ್ಯಾನ್ ಬ್ರೇಕ್ ಹಾಕಿದಾಗ ಟಿವಿ ಮುಂದಕ್ಕೆ ಮಗುಚುತ್ತದೆ. ಗಾಜನ್ನು ದಪ್ಪ ಫೋಮಿಗೆ ಆನಿಸಿ, ಬೆಲ್ಟಿನಿಂದ ಬಿಗಿಯಿರಿ.

ಇನ್ನು ಕ್ಯಾಸೆಟ್. ಊದಿ ಹಾಕಿದರೆ ಸರಿಹೋಗುತ್ತದೆ ಎನ್ನುವುದು ನಮ್ಮ ತಲೆಮಾರಿನ ಎಲ್ಲರ ನಂಬಿಕೆ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ. ತೆಗೆದು ಮತ್ತೆ ಹಾಕಿದ್ದರಿಂದ ಪಿನ್ನುಗಳು ಬೇರೆ ಜಾಗದಲ್ಲಿ ಕೂತು ಕೆಲಸ ಆಗುತ್ತಿತ್ತು. ಉಸಿರಿನ ತೇವದಿಂದ ಲೋಹಕ್ಕೆ ಹಾನಿಯೇ ಜಾಸ್ತಿ. ಪ್ರದರ್ಶನದಲ್ಲಿ ಯಾರೂ ಊದದಂತೆ ನೋಡಿಕೊಳ್ಳಿ. ನೀವೂ ಊದಬೇಡಿ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪಿನ್ನುಗಳನ್ನು ಮೃದುವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಹಳದಿ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಡಬ್ಬಿಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವ ವಿಡಿಯೋಗಳನ್ನು ನೀವು ನೋಡಿರಬಹುದು. ಬೇಡ. ಬಣ್ಣ ಪಟ್ಟೆ ಪಟ್ಟೆಯಾಗಬಹುದು, ಹಳದಿ ಮತ್ತೆ ವಾಪಸ್ ಬರುತ್ತದೆ. ಅಷ್ಟು ವರ್ಷ ಬಾಳಿದ ವಸ್ತು ಹಳದಿಯಾಗಿಯೇ ಇರಲಿ.

ಅಡಾಪ್ಟರ್ ಬಗ್ಗೆ ಮಾತ್ರ ತುಂಬಾ ಕಟ್ಟುನಿಟ್ಟಾಗಿರಿ. ಮೆಗಾ ಡ್ರೈವ್‌ನ ಮೊದಲ ಮಾದರಿಯ ಅಡಾಪ್ಟರ್‌ನಲ್ಲಿ ನಡುವಿನ ತುದಿ ಮೈನಸ್. ಎರಡನೇ ಮಾದರಿಯಲ್ಲಿ ಅದೇ ಪ್ಲಸ್. ಗಡಿಬಿಡಿಯಲ್ಲಿ ಪ್ಲಸ್, ಮೈನಸ್ ಉಲ್ಟಾ ಇರುವ ಅಡಾಪ್ಟರ್ ಚುಚ್ಚಿದರೆ ಸೆಟ್ ಸುಟ್ಟುಹೋದೀತು. ಅಟಾರಿ ಅಮೆರಿಕದಿಂದ ಬಂದದ್ದಾದರೆ ಅದರ ಅಡಾಪ್ಟರ್ 120 ವೋಲ್ಟಿನದ್ದಾಗಿರುತ್ತದೆ. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕುವಂತಿಲ್ಲ. ಪ್ರತಿ ಸೆಟ್ಟಿಗೂ ಅದರ ಅಡಾಪ್ಟರಿಗೂ ಒಂದೇ ಬಣ್ಣದ ಟೇಪ್ ಸುತ್ತಿ. ರಾತ್ರಿ ಹತ್ತು ಗಂಟೆಗೆ, ದಣಿದ ಕೈಯಲ್ಲಿ, ಮಂದ ಬೆಳಕಿನಲ್ಲಿ ಬಿಚ್ಚುವಾಗ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ.

ಪಾರ್ಲರ್ ಮೆಷಿನ್ ಒಳಗಿನ ಗೇಮ್ ಸರ್ಕ್ಯೂಟ್ ಬೋರ್ಡ್ ಯಾವುದು ಎಂದು ನೀವು ಬರೆದಿಲ್ಲ. 'ಮುಸ್ತಫಾ' ಆಗಿದ್ದರೆ ಮುಂದಿನ ಮಾತನ್ನು ಗಮನವಿಟ್ಟು ಓದಿ. 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ನಮ್ಮ ಪಾರ್ಲರ್‌ಗಳಲ್ಲಿ ಅದರ ಪಾತ್ರವೊಂದರ ಹೆಸರಿನಿಂದಲೇ ಮನೆಮಾತಾಗಿತ್ತು. ಕ್ಯಾಪ್‌ಕಾಮ್ ಕಂಪನಿಯ ಅಸಲಿ ಬೋರ್ಡಿನಲ್ಲಿ ಒಂದು ಬ್ಯಾಟರಿ ಇರುತ್ತದೆ. ನಕಲು ತಡೆಯಲು ಹಾಕಿದ ಗುಟ್ಟಿನ ಕೀಲಿಯನ್ನು ಆ ಬ್ಯಾಟರಿಯೇ ಕಾಯುತ್ತದೆ. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗುತ್ತದೆ, ಬೋರ್ಡ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬ್ಯಾಟರಿ ಸೋರಿದರೆ ತಾಮ್ರದ ಗೆರೆಗಳನ್ನೂ ತಿಂದುಹಾಕುತ್ತದೆ. ಮೊದಲು ಆ ಬೋರ್ಡಿನ ಫೋಟೋ ತೆಗೆದು, ಅನುಭವ ಇರುವವರಿಗೆ ತೋರಿಸಿ. ನಮ್ಮಲ್ಲಿ ಓಡಾಡಿದ್ದು ನಕಲಿ ಬೋರ್ಡುಗಳೂ ಬಹಳ. ನಿಮ್ಮದು ನಕಲಿಯಾದರೂ ಬೇಸರ ಬೇಡ. ನಕಲಿ ಮಾಲೇ ಈ ಊರುಗಳ ವಿಡಿಯೋ ಗೇಮ್ ಚರಿತ್ರೆಯ ದೊಡ್ಡ ಭಾಗ. ಅದನ್ನು ಹಾಗೆಂದೇ ಪಕ್ಕದ ಫಲಕದಲ್ಲಿ ಬರೆಯಿರಿ.

ಹಾಗೆಂದು ನಕಲಿ ಗೇಮನ್ನು ಸಾರ್ವಜನಿಕರಿಗೆ ಓಡಿಸಬಹುದು ಎಂದು ಅರ್ಥವಲ್ಲ. ಇಲ್ಲಿಂದ ಕಾನೂನಿನ ಮಾತು. ಮೂರು ತಪ್ಪು ನಂಬಿಕೆಗಳನ್ನು ಪದೇ ಪದೇ ಕೇಳುತ್ತೇನೆ. ಒಂದು, ಕಂಪನಿ ಮಾರುವುದು ನಿಲ್ಲಿಸಿದ ಹಳೇ ಗೇಮಿಗೆ ಯಾರ ಹಕ್ಕೂ ಇಲ್ಲ ಎನ್ನುವುದು. ಹಾಗಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಹಕ್ಕು ದಶಕಗಟ್ಟಲೆ ಉಳಿಯುತ್ತದೆ. 1980ರ ಪ್ಯಾಕ್‌ಮ್ಯಾನ್ ಕೂಡ ಇನ್ನೂ ಹಕ್ಕಿನೊಳಗೇ ಇದೆ. ಎರಡು, ಕ್ಯಾಸೆಟ್ ನನ್ನ ಹತ್ತಿರ ಇದ್ದರೆ ಇಂಟರ್ನೆಟ್‌ನಿಂದ ಗೇಮ್ ಇಳಿಸಿಕೊಳ್ಳಬಹುದು ಎನ್ನುವುದು. ಕಾನೂನುಬದ್ಧವಾಗಿ ನಿಮ್ಮಲ್ಲಿರುವ ಪ್ರತಿ ಹಾಳಾಗದಂತೆ ಬ್ಯಾಕಪ್ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಇದೆ. ಬೇರೆಯವರು ಹಾಕಿದ ಸಾವಿರ ಗೇಮುಗಳ ಗಂಟನ್ನು ಇಳಿಸಿಕೊಂಡು ಜನರಿಗೆ ತೋರಿಸಲು ಅಲ್ಲ. ಮೂರು, ಟಿಕೆಟ್ ಇಲ್ಲದಿದ್ದರೆ ಅನುಮತಿ ಬೇಡ ಎನ್ನುವುದು. ಉಚಿತ ಎಂದ ಮಾತ್ರಕ್ಕೆ ಹಕ್ಕುದಾರರ ಹಕ್ಕು ಹೋಗುವುದಿಲ್ಲ. ಅವರ ಸಿಟ್ಟು ಸ್ವಲ್ಪ ಕಡಿಮೆ ಆಗಬಹುದು ಅಷ್ಟೇ.

ಹಾಗಾಗಿ ರಾಸ್ಪ್‌ಬೆರಿ ಪೈ ಬಗ್ಗೆ ನಿಮ್ಮ ಇಬ್ಬರು ಗೆಳೆಯರೂ ಅರ್ಧ ಸರಿ. ಆ ಯಂತ್ರದಲ್ಲಿ, ಹಳೇ ಸೆಟ್ಟಿನಂತೆಯೇ ಗೇಮ್ ಓಡಿಸುವ ಎಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ತಪ್ಪೇನಿಲ್ಲ. ಅದರೊಳಗೆ ಯಾವ ಗೇಮ್ ಹಾಕುತ್ತೀರಿ ಅನ್ನುವುದೇ ಪ್ರಶ್ನೆ. ಅಸಲಿ ಸೆಟ್ಟಿನಲ್ಲಿ, ದುಡ್ಡು ಕೊಟ್ಟು ಕೊಂಡ ಅಸಲಿ ಕ್ಯಾಸೆಟ್ ಹಾಕಿ ಆಡಿಸುವುದರಲ್ಲಿ ಅಪಾಯ ಕಡಿಮೆ, ಆದರೆ ಪೂರ್ತಿ ಇಲ್ಲ ಎನ್ನುವಂತಿಲ್ಲ. ವಸ್ತು ಸವೆಯುವ ನಷ್ಟವೂ ಸೇರುತ್ತದೆ. ಕಂಪನಿಗೆ ಪತ್ರ ಬರೆದು ಅನುಮತಿ ಕೇಳುವುದು ಎಲ್ಲಕ್ಕಿಂತ ಗಟ್ಟಿ ದಾರಿ. ದೊಡ್ಡ ವಿದೇಶಿ ಕಂಪನಿಗಳು ಉತ್ತರವನ್ನೇ ಕೊಡದಿರಬಹುದು. ನಮ್ಮ ದೇಶದ ಸಣ್ಣ ಸ್ಟುಡಿಯೋಗಳು ಖುಷಿಯಿಂದ ಒಪ್ಪುವ ಸಾಧ್ಯತೆ ಜಾಸ್ತಿ. ಹಳೇ ನಿಂಟೆಂಡೋ ಯಂತ್ರದಲ್ಲಿ ಓಡುವಂತೆ ಈ ಕಾಲದ ಹವ್ಯಾಸಿಗಳು ಬರೆದು, ಮುಕ್ತ ಲೈಸೆನ್ಸಿನಲ್ಲಿ ಹಂಚುವ ಆಟಗಳೂ ಇವೆ. ಅವನ್ನು ನಿಶ್ಚಿಂತೆಯಿಂದ ಓಡಿಸಬಹುದು. ಪಟ್ಟಿ ಸಿದ್ಧವಾದ ಮೇಲೆ ಕಾಪಿರೈಟ್ ಗೊತ್ತಿರುವ ವಕೀಲರಿಗೆ ಒಮ್ಮೆ ತೋರಿಸಿ.

ಇನ್ನೊಂದು ದಾರಿ ಇದೆ, ನನಗೆ ಅದೇ ಎಲ್ಲಕ್ಕಿಂತ ಇಷ್ಟ. 1958ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜನ ಬಂದು ನೋಡುವ ದಿನ ಇತ್ತು. ಬರೀ ಚಿತ್ರಪಟ, ಮುಟ್ಟಲಾಗದ ಯಂತ್ರ ನೋಡಿ ಜನರಿಗೆ ಬೇಜಾರಾಗುತ್ತದೆ ಅನ್ನುವುದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯ ಚಿಂತೆ. ಅವರು ಒಂದು ಅನಲಾಗ್ ಕಂಪ್ಯೂಟರ್, ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ 5 ಇಂಚಿನ ಒಂದು ಆಸಿಲ್ಲೋಸ್ಕೋಪ್ ಜೋಡಿಸಿ ಇಬ್ಬರು ಆಡುವ ಟೆನಿಸ್ ಆಟ ಮಾಡಿಟ್ಟರು. ಜನ ಸಾಲುಗಟ್ಟಿದರು. ಮುಂದಿನ ವರ್ಷವೂ ಅದನ್ನು ಇಟ್ಟರು, ಆಮೇಲೆ ಬಿಚ್ಚಿ ಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿದರು. ಇವತ್ತು ನೋಡಲು ಸಿಗುವುದೆಲ್ಲ ಮರಳಿ ಕಟ್ಟಿದ ಪ್ರತಿಗಳೇ. ವಿಡಿಯೋ ಗೇಮಿನ ಆದಿಯಲ್ಲೇ ಒಂದು ಸಾರ್ವಜನಿಕ ಪ್ರದರ್ಶನ ಇದೆ ನೋಡಿ.

ಅದನ್ನು ನೀವೂ ಮರಳಿ ಕಟ್ಟಬಹುದು. ನಿಮ್ಮ ಊರಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಹೋಗಿ, ಮೂಲೆ ಸೇರಿದ ಹಳೇ ಆಸಿಲ್ಲೋಸ್ಕೋಪ್ ಇದೆಯಾ ಎಂದು ಕೇಳಿ. ಕೊನೇ ವರ್ಷದ ವಿದ್ಯಾರ್ಥಿಗಳಿಗೆ ಇದು ಒಳ್ಳೇ ಪ್ರಾಜೆಕ್ಟ್. 1972ರ ಪಾಂಗ್ ಕೂಡ ಹಾಗೆಯೇ. ಅಟಾರಿಯ ಆ ಮೆಷಿನ್ ಒಳಗೆ ಪ್ರೊಸೆಸರೂ ಇರಲಿಲ್ಲ, ಪ್ರೋಗ್ರಾಮೂ ಇರಲಿಲ್ಲ. ಬರೀ ಲಾಜಿಕ್ ಚಿಪ್ಪುಗಳ ಜೋಡಣೆ. ಎರಡು ಬ್ಯಾಟು, ಒಂದು ಚೆಂಡಿನ ಅಂಥದ್ದೇ ಒಂದು ಆಟವನ್ನು ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಲಿ, ಬೋರ್ಡನ್ನು ಗಾಜಿನ ಕೆಳಗೆ ತೋರಿಸಿ. ಹೀಗೆ ಕಟ್ಟಿದ ವಸ್ತು ಮುರಿದರೆ ಅದೇ ಹುಡುಗರು ಬಂದು ರಿಪೇರಿ ಮಾಡುತ್ತಾರೆ.

ಅನುಮತಿಗಳಿಗೆ ಬರೋಣ. ವಿಡಿಯೋ ಗೇಮ್ ಪಾರ್ಲರ್‌ಗಳಿಗೆ ಪೊಲೀಸ್ ಲೈಸೆನ್ಸ್ ಬೇಕೇ ಎಂಬ ಜಗಳ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1995ರಲ್ಲಿ, ಎಂ.ಜೆ. ಸಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಜೂಜಿನ ಮೆಷಿನ್‌ಗಳೂ ಆಟದ ಮೆಷಿನ್‌ಗಳೂ ಒಂದೇ ಹೆಸರಿನಲ್ಲಿ ಓಡುತ್ತಿದ್ದ ಕಾಲ ಅದು. ನಿಮ್ಮದು ಅಂಗಡಿಯಲ್ಲ, ನಿಜ. ಆದರೂ ಪ್ರತಿ ಊರಿನ ಠಾಣೆಗೆ, ಪಾಲಿಕೆಗೆ ಮೊದಲೇ ಪತ್ರ ಕೊಟ್ಟು ಏನೇನು ಅನುಮತಿ ಬೇಕು ಎಂದು ಬರೆಹದಲ್ಲೇ ಪಡೆಯಿರಿ. ಪಾರ್ಲರ್ ಮೆಷಿನ್‌ಗೆ ನಾಣ್ಯ ಹಾಕಿಸಬೇಡಿ. ನೆನಪಿಗಾಗಿ ಎಂದರೂ ಬೇಡ. ಗೆದ್ದವರಿಗೆ ಬಹುಮಾನವೂ ಬೇಡ. ದುಡ್ಡು ಮತ್ತು ಬಹುಮಾನ ಇಲ್ಲದಿದ್ದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ.

ಹೆಡ್‌ಮಾಸ್ಟರ್ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರು ದಿನಾ ನೋಡುತ್ತಿರುವುದು ರಾತ್ರಿಯಿಡೀ ಮೊಬೈಲಿನಲ್ಲಿ ಕಳೆದು ತರಗತಿಯಲ್ಲಿ ತೂಕಡಿಸುವ ಮಕ್ಕಳನ್ನು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿಯೇ 'ಶಟ್' ಎಂಬ ಕ್ಲಿನಿಕ್ ನಡೆಸುತ್ತಿದೆ. ಆನ್‌ಲೈನ್ ದುಡ್ಡಿನ ಆಟಗಳಿಂದ ಮನೆಗಳು ಮುಳುಗಿ, 2025ರಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾನೂನನ್ನೇ ತಂದಿತು. ಅವರ ಹತ್ತಿರ ಹೋಗಿ "ಗೇಮ್ ಒಳ್ಳೇದು ಸಾರ್" ಎಂದು ವಾದ ಮಾಡಬೇಡಿ. ಒಂದು ಮಗುವಿಗೆ ಒಂದು ಜಾಗದಲ್ಲಿ 5 ನಿಮಿಷ, ಇಂಟರ್ನೆಟ್ ಇಲ್ಲ, ದುಡ್ಡಿಲ್ಲ, ಹೊಡೆದಾಟದ ಆಟ ಬೇರೆ ಮೂಲೆಯಲ್ಲಿ ದೊಡ್ಡವರಿಗೆ ಮಾತ್ರ ಎಂದು ಕಾಗದದಲ್ಲಿ ಬರೆದು ತೋರಿಸಿ. ಆಸಿಲ್ಲೋಸ್ಕೋಪ್ ಟೆನಿಸ್ ವಿಷಯ ಹೇಳಿ. ಮೊದಲು ಅವರ ವಿಜ್ಞಾನ ಮೇಷ್ಟ್ರನ್ನು ಕರೆಯಿರಿ. ಬಾಗಿಲಲ್ಲಿ ಇನ್ನೊಂದು ಬೋರ್ಡ್ ಇರಲೇಬೇಕು: ಮಿಂಚುವ ಬೆಳಕಿನಿಂದ ಫಿಟ್ಸ್ ಬರುವವರು ಆಟದ ಜಾಗಕ್ಕೆ ಹೋಗಬಾರದು. ಇದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಪಿಸ್ತೂಲಿನ ಆಟದ ಪಕ್ಕ ಇನ್ನೊಮ್ಮೆ ಹಾಕಿ.

ಈಗ ನೀವು ಕೇಳದ ಒಂದು ವಿಷಯ. ಪ್ರದರ್ಶನದಲ್ಲಿ ಯಾರ ಕಥೆ ಹೇಳುತ್ತೀರಿ? ಪುಸ್ತಕಗಳಲ್ಲಿ ಸಿಗುವ ಚರಿತ್ರೆ ಹೀಗಿದೆ: 1972ರಲ್ಲಿ ಪಾಂಗ್, 1983ರಲ್ಲಿ ಮಾರುಕಟ್ಟೆ ಕುಸಿತ, ಅಟಾರಿ ತನ್ನ ಮಾಲನ್ನು ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತದ್ದು, ಆಮೇಲೆ ನಿಂಟೆಂಡೋ ಬಂದು ಕಾಪಾಡಿದ್ದು. ಅದು ಅಮೆರಿಕದ ಕಥೆ. ಅದೇ 1983ರಲ್ಲಿ ಜಪಾನಿನಲ್ಲಿ ನಿಂಟೆಂಡೋದ ಫ್ಯಾಮಿಕಾಮ್ ಸೆಟ್ ಹುಟ್ಟಿತು. ನಮ್ಮಲ್ಲಿ ಆಗಿನ್ನೂ ಬಹುಪಾಲು ಮನೆಗಳಿಗೆ ಟಿವಿಯೇ ಬಂದಿರಲಿಲ್ಲ. ದೂರದರ್ಶನ ಬಣ್ಣಕ್ಕೆ ತಿರುಗಿದ್ದೇ 1982ರಲ್ಲಿ. ನಮ್ಮ ಸಾಲು ಬೇರೆ. ಜಾತ್ರೆಯ ಮೆಷಿನ್, ಬಸ್ ಸ್ಟ್ಯಾಂಡ್ ಹತ್ತಿರದ ಪಾರ್ಲರ್, ಸಮುರಾಯ್ ಮತ್ತು ಲಿಟಲ್ ಮಾಸ್ಟರ್, 64 ಆಟ ಇದೆ ಎಂದು ಬರೆದ ಕ್ಯಾಸೆಟ್, ಬ್ರಿಕ್ ಗೇಮ್, ಶಾಲೆಯ ಕಂಪ್ಯೂಟರ್ ಲ್ಯಾಬಿನ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ, ನೋಕಿಯಾದ ಹಾವು, ಸೈಬರ್ ಕೆಫೆಯ ಕೌಂಟರ್ ಸ್ಟ್ರೈಕ್ ಮತ್ತು ವೈಸ್ ಸಿಟಿ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. 2019ರಲ್ಲಿ ಅದನ್ನು ಕೊಂಡದ್ದು ರಾಕ್‌ಸ್ಟಾರ್, ವೈಸ್ ಸಿಟಿ ಹೊರತಂದ ಅದೇ ಕಂಪನಿ. ದಾವಣಗೆರೆಯ ಹುಡುಗಿಯೊಬ್ಬಳು ಗೋಡೆಯ ಮೇಲೆ ಇದನ್ನು ಓದಿದರೆ ಈ ಕೆಲಸ ತನ್ನಿಂದಲೂ ಆಗುತ್ತದೆ ಎಂದು ಅವಳಿಗೆ ಅನಿಸಬೇಕು. ಅಟಾರಿ 2600ಕ್ಕೆ ಗೋಡೆಯಲ್ಲಿ ಒಂದಡಿ ಜಾಗ ಕೊಡಿ. ಪಾರ್ಲರಿಗೆ ಹತ್ತಡಿ ಕೊಡಿ.

ಆ ಹತ್ತಡಿ ತುಂಬಲು ನಿಮ್ಮ ಸಂಗ್ರಹ ಸಾಲುವುದಿಲ್ಲ. ಆಯಾ ಊರಿನವರಿಂದಲೇ ಕೇಳಿ. ಪ್ರದರ್ಶನಕ್ಕೆ ಒಂದು ತಿಂಗಳ ಮೊದಲು, ಆ ಊರಿನಲ್ಲಿ ಪಾರ್ಲರ್ ನಡೆಸಿದವರು, ಕ್ಯಾಸೆಟ್ ಬಾಡಿಗೆಗೆ ಕೊಟ್ಟವರು, ಸೈಬರ್ ಕೆಫೆ ಇಟ್ಟಿದ್ದವರು ಯಾರು ಎಂದು ವಿಚಾರಿಸಿ. ಗಂಟೆಗೆ ಎಷ್ಟು ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಯಾವ ಮೆಷಿನ್ ಜಾಸ್ತಿ ದುಡಿಯುತ್ತಿತ್ತು, ಹುಡುಗಿಯರು ಬರುತ್ತಿದ್ದರಾ, ಯಾಕೆ ಮುಚ್ಚಿದರು, ಎಲ್ಲ ಕೇಳಿ, ಅವರ ಒಪ್ಪಿಗೆ ಪಡೆದು ದನಿ ರೆಕಾರ್ಡ್ ಮಾಡಿ. ಮೆಷಿನ್ ಇನ್ನೂ ಒಂದಷ್ಟು ವರ್ಷ ಎಲ್ಲಾದರೂ ಸಿಗಬಹುದು. ಈ ಜನರ ನೆನಪು ಈಗ ಬಿಟ್ಟರೆ ಹೋಯಿತು. ಯಾರಾದರೂ ವಸ್ತು ಎರವಲು ಕೊಟ್ಟರೆ ಎಲ್ಲಾ ಕಡೆಯಿಂದ ಫೋಟೋ ತೆಗೆದು, ಇರುವ ಗೀರು, ಬಿರುಕು ಬರೆದುಕೊಂಡು, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಸಂಬಂಧ ಕೆಡದಿರಲು ಇದು ಬೇಕೇ ಬೇಕು. ಸಾಗಣೆ ವಿಮೆಗೂ ಇದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಯೋಜನೆಯಲ್ಲಿ ನಾನು ಖಂಡಿತ ಬದಲಾಯಿಸುವುದು ಸಮಯವನ್ನು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಂತ ವ್ಯಾನಿನೊಳಗೆ ಇನ್ನೂ ಜಾಸ್ತಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬ್ಯಾಟರಿ ಸೋರುತ್ತದೆ. ಮೇಲಾಗಿ ರಜೆಯಲ್ಲಿ ಶಾಲೆಗಳು ಮಕ್ಕಳನ್ನು ಕರೆತರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ. ಮಂಗಳೂರಿಗೆ ಮಳೆಗಾಲ ಬಿಟ್ಟು ಹೋಗಿ. ಅಲ್ಲಿ ಉಪ್ಪುಗಾಳಿ, ತೇವ ಎರಡೂ ಇವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಊರು ತಲುಪಿದ ಕೂಡಲೇ ಬಿಚ್ಚಿ ಆನ್ ಮಾಡಬೇಡಿ, ಒಂದು ರಾತ್ರಿ ಪೆಟ್ಟಿಗೆಯಲ್ಲೇ ಬಿಡಿ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ಸಂಚಾರಿ ವಿಜ್ಞಾನ ಬಸ್ ನಿಮ್ಮ ಕಡೆ ಬಂದರೆ ತಪ್ಪದೇ ಹೋಗಿ ನೋಡಿ. ಪ್ರದರ್ಶನದ ವಸ್ತುಗಳನ್ನು ಬಸ್ಸಿನ ಮೈಗೇ ಹೇಗೆ ಜೋಡಿಸಿದ್ದಾರೆ ಎನ್ನುವುದನ್ನು ಗಮನಿಸಿ. ಪ್ರತಿ ಊರಿನಲ್ಲೂ ಇಳಿಸಿ ಹತ್ತಿಸುವ ಸಾಮಾನು ಕಡಿಮೆ ಆದಷ್ಟೂ ಮುರಿಯುವುದು ಕಡಿಮೆ.

ಕರೆಂಟಿನ ಲೆಕ್ಕ ಸುಲಭ. ಹತ್ತು ಜಾಗಕ್ಕೆ ಒಂದು, ಒಂದೂವರೆ ಕಿಲೋವ್ಯಾಟ್ ಸಾಕಾಗುತ್ತದೆ. ಆದರೆ ಹಳೇ ಕಲರ್ ಟಿವಿ ಆನ್ ಆಗುವ ಕ್ಷಣದಲ್ಲಿ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಒಂದೊಂದಾಗಿ ಆನ್ ಮಾಡಿ. ಕಲ್ಯಾಣ ಮಂಟಪವಾಗಲಿ, ಶಾಲೆಯಾಗಲಿ, ಮೊದಲು ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡಲಿ. ಶಾಕ್ ಹೊಡೆದರೆ ತಾನೇ ಕಟ್ ಆಗುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವ ನಿಮ್ಮದೇ ಬೋರ್ಡ್ ಒಯ್ಯಿರಿ. ಇದರಲ್ಲಿ ಉಳಿತಾಯ ಬೇಡ. ಜನರ ಲೆಕ್ಕವೂ ಮಾಡಿಕೊಳ್ಳಿ. 5 ನಿಮಿಷ ಆಟ, ಬದಲಾಗಲು 1 ನಿಮಿಷ ಎಂದರೆ ಒಂದು ಜಾಗದಲ್ಲಿ ಗಂಟೆಗೆ 10 ಸರದಿ. ಹತ್ತು ಜಾಗದಲ್ಲಿ ಐದು ಇಬ್ಬರು ಆಡುವಂಥವಾದರೆ ಗಂಟೆಗೆ 150 ಜನ. 400 ಮಕ್ಕಳ ಶಾಲೆ ಒಮ್ಮೆಲೇ ಬಂದರೆ 15 ಮಕ್ಕಳು ಆಡುವಾಗ ಉಳಿದ 385 ಮಕ್ಕಳು ಗೋಡೆ ನೋಡುತ್ತಾ ಕಾಯಬೇಕು. ಅದಕ್ಕೇ ಗೋಡೆಯಲ್ಲಿ ಓದಲು, ಕೇಳಲು ಏನಾದರೂ ಇರಬೇಕು. ಒಂದು ಆಟವಾದರೂ ಗಾಲಿಕುರ್ಚಿಯಲ್ಲಿ ಕೂತವರಿಗೆ ಎಟುಕುವ ಎತ್ತರದಲ್ಲಿ ಇರಲಿ.

ಮೊದಲು ಶಿವಮೊಗ್ಗದಲ್ಲೇ ಒಂದು ಶನಿವಾರ, ಭಾನುವಾರ ಮಾಡಿ ನೋಡಿ. ಎಲ್ಲವನ್ನೂ ವ್ಯಾನಿಗೆ ಹತ್ತಿಸಿ, ಊರು ಒಂದು ಸುತ್ತು ಹಾಕಿ, ಇಳಿಸಿ, ಜೋಡಿಸಿ, ಜನರನ್ನು ಬಿಡಿ. ಯಾವುದು ಎಷ್ಟು ಹೊತ್ತಿಗೆ ಕೆಟ್ಟಿತು ಎಂದು ಬರೆದಿಡಿ. ಸಾಮಾನ್ಯವಾಗಿ ಮೊದಲು ಹೋಗುವುದು ಕಂಟ್ರೋಲರ್. ಅದರ ಡಬ್ಬಿಯಿಂದ ವೈರು ಹೊರಬರುವ ಜಾಗ ತುಂಡಾಗುತ್ತದೆ, ಒಳಗಿನ ರಬ್ಬರ್ ಪ್ಯಾಡಿನ ಕಪ್ಪು ಸವೆಯುತ್ತದೆ. ಸಮುರಾಯ್ ಥರದ ಸೆಟ್ಟುಗಳಿಗೆ ಕೂರುವ ಹೊಸ ಕಂಟ್ರೋಲರ್ ಈಗಲೂ ಕಡಿಮೆ ಬೆಲೆಗೆ ಸಿಗುತ್ತದೆ, ಪ್ರತಿ ಜಾಗಕ್ಕೆ ಎರಡು ಜಾಸ್ತಿ ಇಟ್ಟುಕೊಳ್ಳಿ. ಅಸಲಿ ಕಂಟ್ರೋಲರ್ ಗಾಜಿನೊಳಗೇ ಇರಲಿ. ಎರಡು ದಿನದ ಆ ಪಟ್ಟಿ, ಪಾರ್ಲರ್ ಬೋರ್ಡಿನ ಫೋಟೋ, ನೀವು ನೋಡಿರುವ ವ್ಯಾನಿನ ಒಳ ಅಳತೆ ಮೂರನ್ನೂ ಕಳಿಸಿ. ಪೆಟ್ಟಿಗೆಗಳನ್ನು ಹೇಗೆ ಮಾಡಿಸಬೇಕು ಎಂದು ಅಳತೆ ಸಮೇತ ಹೇಳುತ್ತೇನೆ.